ಬಿಸಿಲೇರುವ ತನಕ ಮೀನು ಕಚ್ಚೋದಿಲ್ಲ

ಬಳ್ಳಾರಿಯಲ್ಲೂ ಚಳಿ ಇರುತ್ತೆ ಅಂದ್ರೆ ಬೆಂಗಳೂರಿನ ನನ್ನ ಆಫೀಸಿನವರು ನಗ್ತಾರೆ. ಅವರ ಪಾಲಿಗೆ ಬಳ್ಳಾರಿ ಅಂದ್ರೆ ಬಿಸಿಲು, ಅದಿರಿನ ಕೆಂಪು ಧೂಳು, ಜೀನ್ಸ್ ಪ್ಯಾಂಟು. ಆದ್ರೆ ಸಂಕ್ರಾಂತಿಗೆ ಒಂದು ವಾರ ಮುಂಚೆ, ಬೆಳಗಿನ ಜಾವ ಹಂಪಿ ಎಕ್ಸ್‌ಪ್ರೆಸ್‌ನಿಂದ ಬಳ್ಳಾರಿ ಸ್ಟೇಷನ್ನಿನಲ್ಲಿ ಇಳಿದು ನೋಡಿ. ಆಟೋದವರೆಲ್ಲ ಮಫ್ಲರ್ ಸುತ್ತಿಕೊಂಡು ಬೆಂಕಿ ಕಾಯಿಸ್ತಾ ಕೂತಿರ್ತಾರೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿಗೆ 15 ಡಿಗ್ರಿ ಅಂದ್ರೆ ಹಿಮಾಲಯವೇ.

ಆ ಶುಕ್ರವಾರ ನಾನು ಇಳಿದಿದ್ದು ಮೂರು ದಿನಕ್ಕೆ. ಒಂದು ದಿನ ರಜೆ, ಜೊತೆಗೆ ಶನಿವಾರ, ಭಾನುವಾರ. ಬಂದಿದ್ದು ಒಂದೇ ಕೆಲಸಕ್ಕೆ. ಅಮ್ಮ ಹೋಗಿ ಐದು ತಿಂಗಳಾಗಿತ್ತು. ಅಪ್ಪ ಬಳ್ಳಾರಿಯ ಮನೆಯಲ್ಲಿ ಒಬ್ಬನೇ. ಅವನನ್ನು ಬೆಂಗಳೂರಿಗೆ ಕರ್ಕೊಂಡು ಬರೋದು ಅಂತ ನಾನೂ, ಅಮೆರಿಕದ ಮಿನೆಸೊಟದಲ್ಲಿರುವ ಅಣ್ಣನೂ ವಾಟ್ಸಾಪಿನಲ್ಲೇ ತೀರ್ಮಾನ ಮಾಡಿ ಆಗಿತ್ತು. ನನ್ನ ಫ್ಲ್ಯಾಟಿನಲ್ಲಿ ರೂಮು ಖಾಲಿ ಮಾಡಿಸಿದ್ದೆ, ಮಂಚ ಬಂದಿತ್ತು. ಬಾಕಿ ಇದ್ದದ್ದು ಅಪ್ಪನ ಒಪ್ಪಿಗೆ ಒಂದೇ. ಭಾನುವಾರ ರಾತ್ರಿಯ ರೈಲಿನೊಳಗೆ ಅದನ್ನ ಪಡೀಬೇಕು. ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಡೆಡ್‌ಲೈನ್ ಇತ್ತು.

ಶುಕ್ರವಾರ ಇಡೀ ದಿನ ಅಪ್ಪ ಆಡಿದ್ದು ಹತ್ತು ಮಾತು ಇರಬಹುದು. ಬೆಳಿಗ್ಗೆ ಬೀದಿ ತುದಿಯ ಹೋಟೆಲಿನಿಂದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಬಂದ. ನನಗೆ ಎರಡು ಮಿರ್ಚಿ, ತನಗೆ ಅರ್ಧ. ಉಳಿದರ್ಧ ಪೇಪರಿನಲ್ಲೇ ತಣ್ಣಗಾಯ್ತು. ಹಿಂದೆ ಇದೇ ಅಪ್ಪ ನಾಲ್ಕು ತಿಂದು ಐದನೆಯದಕ್ಕೆ ಅಮ್ಮನ ಮುಖ ನೋಡ್ತಿದ್ದ. ನಾನು ಮೂರು ಸಲ ಮಾತು ತೆಗೆದೆ. ಮೂರು ಸಲವೂ "ನೋಡಾನು" ಅಂದ. ನಮ್ಮ ಕಡೆ 'ನೋಡಾನು' ಅಂದ್ರೆ ಹೌದೂ ಅಲ್ಲ, ಇಲ್ಲವೂ ಅಲ್ಲ. ಆ ವಿಷಯ ಬಿಡು ಅಂತ.

ಮಂಜುಗಡ್ಡೆಯ ಕೆಳಗಿನ ಮೀನು

ರಾತ್ರಿ ಎಂಟೂವರೆಗೆ ಅಣ್ಣನ ವಿಡಿಯೋ ಕಾಲ್ ಬಂತು. ಅಲ್ಲಿ ಬೆಳಿಗ್ಗೆ ಒಂಬತ್ತು. ಶುಕ್ರವಾರ ರಜೆ ಹಾಕಿ, ತನ್ನ ಆಫೀಸಿನ ಗೆಳೆಯನ ಜೊತೆ ಒಂದು ಕೆರೆಯ ಮೇಲೆ ಕೂತಿದ್ದ. ದಂಡೆಯ ಮೇಲಲ್ಲ, ಕೆರೆಯ ಮೇಲೆಯೇ. ಹತ್ತು ಸಾವಿರ ಕೆರೆಗಳ ನಾಡು ಅಂತ ಮಿನೆಸೊಟ ತನ್ನನ್ನು ಕರ್ಕೊಳ್ಳುತ್ತೆ. ಚಳಿಗಾಲದಲ್ಲಿ ಅವೆಲ್ಲ ಗಟ್ಟಿಯಾಗ್ತವೆ. ಕನಿಷ್ಠ ನಾಲ್ಕು ಇಂಚು ಗಟ್ಟಿ ಮಂಜುಗಡ್ಡೆ ಇದ್ದರೆ ಮಾತ್ರ ಅದರ ಮೇಲೆ ನಡೀಬಹುದು ಅಂತ ಅಲ್ಲಿನ ಸರ್ಕಾರವೇ ಜನಕ್ಕೆ ಹೇಳುತ್ತೆ. ಇವರು ಮೇಲೊಂದು ಸಣ್ಣ ಟೆಂಟು ಹಾಕಿ, ಬೋರ್ ಕೊರೆಯೋ ಹಾಗೆ ಮಂಜಿನಲ್ಲಿ ತೂತು ಕೊರೆದು, ಒಳಗೆ ಗಾಳ ಇಳಿಬಿಟ್ಟಿದ್ದರು. ಗಾಳದ ಕೋಲು ಅಡುಗೆಮನೆಯ ಸೌಟಿಗಿಂತ ಸ್ವಲ್ಪ ಉದ್ದ, ಅಷ್ಟೇ.

ಅಪ್ಪ ಟಿವಿ ಮ್ಯೂಟ್ ಮಾಡಿ ಫೋನಿನ ಹತ್ತಿರ ಬಂದ.

ಅಣ್ಣ ಖುಷಿಯಿಂದ ವಿವರಿಸಿದ. ಅವರು ಹಿಡೀತಿದ್ದದ್ದು ಅಂಗೈ ಅಗಲದ ಮೀನು, ಬ್ಲೂಗಿಲ್ ಅಂತ. ಬಾಣಲಿಯಲ್ಲಿ ಇಡಿಯಾಗಿ ಕೂರುವಂಥ ಇಂಥ ಸಣ್ಣ ಮೀನುಗಳಿಗೆಲ್ಲ ಅಲ್ಲಿ ಪ್ಯಾನ್ ಫಿಶ್ ಅಂತಲೇ ಹೆಸರು. ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗಿರುತ್ತೆ, ಅದಕ್ಕೇ ಅದು ತಳಕ್ಕೆ ಇಳಿಯುತ್ತೆ. ಇನ್ನೂ ತಣ್ಣಗಾದ ನೀರು ಮೇಲೇ ಉಳಿದು ಹೆಪ್ಪುಗಟ್ಟುತ್ತೆ. ಮೇಲೆ ಮುಚ್ಚಳ ಮುಚ್ಚಿದ ಹಾಗೆ. ಕೆಳಗೆ ಮೀನು ಬದುಕಿರುತ್ತೆ, ಆದ್ರೆ ಜಡವಾಗಿ. ಮೀನಿಗೆ ನಮ್ಮ ಹಾಗೆ ಮೈಯಲ್ಲಿ ಸ್ವಂತ ಬಿಸಿ ಇಲ್ಲ. ನೀರು ಎಷ್ಟು ತಣ್ಣಗೋ ಅದೂ ಅಷ್ಟೇ ತಣ್ಣಗೆ. ತಿಂದದ್ದು ಕರಗೋದೂ ನಿಧಾನ, ಹಸಿವೂ ಕಡಿಮೆ, ಓಡಾಟವೂ ಕಡಿಮೆ.

ಪಕ್ಕದಲ್ಲಿ ಸೋನಾರ್ ಪರದೆ ಇತ್ತು. ಅದರಲ್ಲಿ ಗಾಳ ಒಂದು ಗೆರೆ, ಮೀನು ಇನ್ನೊಂದು ಗೆರೆ. ಮೀನಿನ ಗೆರೆ ಮೆಲ್ಲಗೆ ಗಾಳದ ಹತ್ತಿರ ಬಂತು. ನಿಂತಿತು. ಕಚ್ಚಲಿಲ್ಲ. ಅಣ್ಣ ಕೋಲನ್ನು ಎರಡು ಸಲ ಮೇಲೆ ಕೆಳಗೆ ಕುಣಿಸಿದ. ಗೆರೆ ಹಿಂದೆ ಸರಿಯಿತು.

"ಅಲ್ಲಾಡಿಸ್‌ಬ್ಯಾಡಲೇ" ಅಂದ ಅಪ್ಪ.

ಅಣ್ಣ ಬೆಚ್ಚಿ ಕ್ಯಾಮೆರಾ ನೋಡಿದ.

"ಅದಕ್ಕ ಈಗ ಬೆನ್ನತ್ತಾಕ ಶಕ್ತಿ ಇಲ್ಲ. ಮುಂದ ಕುಣದ್ರ ಹೆದ್ರಿ ಹೊಕ್ಕೈತಿ. ಸುಮ್ಕ ಹಿಡಿ. ಎರಿ ಏನ್ ಹಾಕೀಯಿ?"

ಅಣ್ಣ ತೋರಿಸಿದ, ಅಕ್ಕಿಹುಳದಂಥ ಬಿಳಿ ಹುಳ. "ದೊಡ್ಡದಾತು. ಅರ್ಧ ಮಾಡು."

ಅಣ್ಣ ಅರ್ಧ ಮಾಡಿದ. ಕೋಲು ಅಲ್ಲಾಡದ ಹಾಗೆ ಮೊಣಕಾಲಿನ ಮೇಲೆ ಇಟ್ಟುಕೊಂಡ. ಐದು ನಿಮಿಷ ಮೂರು ಜನವೂ ಮಾತಾಡಲಿಲ್ಲ. ಆಮೇಲೆ ಮೀನು ಬಂತು. ಅಪ್ಪ ಅದರ ಬಣ್ಣ ಕೇಳಿದ, ಮುಳ್ಳು ಎಷ್ಟು ಅಂತ ಕೇಳಿದ, ರುಚಿ ನಮ್ಮ ಜಿಲೇಬಿ ಮೀನಿನ ಹಾಗೆ ಇರ್ತೈತೇನು ಅಂತ ಕೇಳಿದ. ಐದು ತಿಂಗಳಲ್ಲಿ ಅಪ್ಪ ಅಣ್ಣನ ಹತ್ತಿರ ಅಷ್ಟು ಮಾತಾಡಿದ್ದು ಅದೇ ಮೊದಲು.

ಫೋನ್ ಇಟ್ಟ ಮೇಲೆ ನಾನು ಹೇಳಿದೆ, "ಅಪ್ಪಾ, ನಾಳೆ ಸಿರುಗುಪ್ಪಕ್ಕೆ ಹೋಗಾನ? ಹೊಳಿಗೆ?"

ನಿಜ ಹೇಳ್ತೀನಿ, ಅವನ ಸಂತೋಷಕ್ಕೆ ಅಂತ ಹೇಳಿದ್ದಲ್ಲ. ಹೊಳೆಯ ದಂಡೆಯಲ್ಲಿ ಎದ್ದು ಹೋಗಲಿಕ್ಕೆ ಆಗಲ್ಲ, ಅಲ್ಲಿ ಕೂರಿಸಿ ಮಾತು ಮುಗಿಸಬಹುದು ಅಂತ ಲೆಕ್ಕ ಹಾಕಿದ್ದೆ.

ಆರು ಗಂಟೆಯ ಹೊಳೆ

ಅಪ್ಪ ಹುಟ್ಟಿದ್ದು ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಒಂದು ಹಳ್ಳಿಯಲ್ಲಿ. ನಿವೃತ್ತಿಯಾಗುವ ತನಕ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೀತಿದ್ದ. ನಮ್ಮ ಓದಿಗೆ ಅಂತ ಮನೆ ಬಳ್ಳಾರಿಗೆ ಬಂದ ಮೇಲೂ ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ. ಭಾನುವಾರ ಗಾಳ ಹಿಡಿದು ಹೊಳೆಗೆ ಹೋಗೋದು ಅವನ ಒಂದೇ ಚಟ.

"ಹತ್ತಕ್ಕ ಹೋಗಾನು. ಈ ಚಳ್ಯಾಗ ಮೀನಿಗೂ ಎಚ್ಚರ ಇರಂಗಿಲ್ಲ" ಅಂದ.

"ಹತ್ತಕ್ಕೆ ಬಿಸಿಲು ಬರ್ತೈತಿ. ಬೆಳಿಗ್ಗೇನೇ ಮೀನು ಸಿಗೋದು, ಎಲ್ಲ ವಿಡಿಯೋದಾಗೂ ಹಂಗೇ ಹೇಳ್ತಾರ."

ಅಪ್ಪ ವಾದ ಮಾಡಲಿಲ್ಲ. ಐದಕ್ಕೆ ಮುಂಚೆ ಹಳೆ ಆಲ್ಟೊ ತೆಗೆದೆವು. ಸಿರುಗುಪ್ಪಕ್ಕೆ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ದಾರಿ. ತೆಕ್ಕಲಕೋಟೆ ಹತ್ತಿರ ಬರುವಾಗ ಇನ್ನೂ ಕತ್ತಲೆ. ಬಂಡೆಗುಡ್ಡಗಳು ಕಪ್ಪಗೆ ಕೂತಿದ್ದವು. ಆ ಗುಡ್ಡಗಳ ಮೇಲೆ ನವಶಿಲಾಯುಗದ ಜನ ಬದುಕಿದ್ದರು ಅಂತ 1960ರ ದಶಕದ ಉತ್ಖನನದಲ್ಲಿ ಗೊತ್ತಾಯ್ತು. ಅದು ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆ. ಕೊಯ್ಲು ಮುಗಿದು ಕೂಳೆ ಮಾತ್ರ ಉಳಿದಿತ್ತು, ಅಲ್ಲಲ್ಲಿ ಹುಲ್ಲಿನ ಬಣವೆ. ಸಿರುಗುಪ್ಪ ಭತ್ತದ ಊರಾಗಿದ್ದು ತುಂಗಭದ್ರಾ ಅಣೆಕಟ್ಟು ಬಂದ ಮೇಲೆ ಮಾತ್ರ ಅಲ್ಲ. ಸಿರುಗುಪ್ಪ ಕಾಲುವೆ, ದೇಶನೂರು ಕಾಲುವೆ ಎರಡೂ ವಿಜಯನಗರದ ಕಾಲದವು, ಇವತ್ತಿಗೂ ನೀರು ಹರಿಸ್ತವೆ.

ಕೆಂಚನಗುಡ್ಡದ ಕಡೆ ತಿರುಗಿ ಹೊಳೆ ಮುಟ್ಟಿದಾಗ ಆರೂಕಾಲು. ನೀರಿನ ಮೇಲೆ ಹಬೆ ಆಡ್ತಿತ್ತು. ಹೊಳೆ ಇಳಿದಿತ್ತು, ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿದ್ದವು, ನಡುನಡುವೆ ಮಡುಗಳು. ಆಚೆ ದಡ ರಾಯಚೂರು ಜಿಲ್ಲೆ. ಅಪ್ಪ ಮೊದಲು ಮಾಡಿದ ಕೆಲಸ, ಒಂದು ಎತ್ತರದ ಬಂಡೆ ಆರಿಸಿದ್ದು. ತುಂಗಭದ್ರೆಯಲ್ಲಿ ಮೊಸಳೆ ಇದೆ. ಕಾಲು ನೀರಿಗೆ ಬಿಟ್ಟು ಕೂರೋದನ್ನ ಅಪ್ಪ ಯಾವತ್ತೂ ಬಿಟ್ಟವನಲ್ಲ, ನಾವು ಚಿಕ್ಕವರಿದ್ದಾಗಲೂ. ಮೇಲಿನಿಂದ ನೀರು ಬಿಟ್ಟರೆ ಓಡೋ ದಾರಿ ಯಾವುದು ಅಂತಲೂ ನೋಡಿಟ್ಟುಕೊಂಡ.

ನಾನು ಮೈದಾ ಹಿಟ್ಟಿನ ಉಂಡೆ ಮಾಡಿಕೊಂಡು ಬಂದಿದ್ದೆ, ಗೋಲಿ ಗಾತ್ರ. ಗಾಳಕ್ಕೆ ಸಿಕ್ಕಿಸಿ ದೂರಕ್ಕೆ ಎಸೆದೆ. ಹತ್ತು ನಿಮಿಷ. ಎಳೆದು ನೋಡಿದೆ. ಉಂಡೆ ಹಾಗೇ ಇತ್ತು. ಜಾಗ ಬದಲಾಯಿಸಿದೆ. ಮತ್ತೆ ಹತ್ತು ನಿಮಿಷ. ಗಾಳ ಬದಲಾಯಿಸಿದೆ, ಉಂಡೆ ಇನ್ನೂ ದೊಡ್ಡದು ಮಾಡಿದೆ. ಅಪ್ಪ ಗಾಳವನ್ನೇ ಬಿಚ್ಚಿರಲಿಲ್ಲ. ಶಾಲು ಹೊದ್ದು, ಫ್ಲಾಸ್ಕಿನಿಂದ ಚಹಾ ಸುರಿದುಕೊಂಡು ಕುಡೀತಿದ್ದ.

ಫೋನ್ ಕಂಪಿಸಿತು. ಅಣ್ಣ: "ಕೇಳಿದ್ಯಾ?"

ಕೇಳಿದೆ. ಬಂಡೆಯ ಮೇಲೆ ಅಪ್ಪನ ಎದುರು ಕೂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ರೂಮು, ಮಂಚ, ಲಿಫ್ಟ್, ಹತ್ತಿರದ ಆಸ್ಪತ್ರೆ, ಬಳ್ಳಾರಿಯ ಮನೆಗೆ ಬಾಡಿಗೆ ಎಷ್ಟು ಬರಬಹುದು, ರಾತ್ರಿ ಎದೆನೋವು ಬಂದರೆ ಯಾರು ನೋಡ್ತಾರೆ. ಪ್ರಾಜೆಕ್ಟಿನ ಪ್ರೆಸೆಂಟೇಶನ್ ಥರಾನೇ. ಕೊನೆಗೆ, "ಒಬ್ಬನೇ ಹಿಂಗ ಇರಬ್ಯಾಡ ಅಪ್ಪ. ನಮಗ ನಿದ್ದಿ ಬರಂಗಿಲ್ಲ" ಅಂದೆ.

ಅಪ್ಪ ಚಹಾದ ಲೋಟ ತೊಳೆದ. ಎದ್ದು ನಿಂತು ಹೊಳೆಯ ಕೆಳಗಿನ ಕಡೆ ನೋಡಿದ. "ನೋಡಾನವ್ವ" ಅಂದ. ಆಮೇಲೆ ಬಂಡೆಯ ಆಚೆ ಬದಿಗೆ ಹೋಗಿ ಬೆನ್ನು ತಿರುಗಿಸಿ ಕೂತ.

ತೆಪ್ಪದಲ್ಲಿ ಬಲೆ ಬಿಡಿಸ್ತಾ ಬಂದ ಮೀನುಗಾರನೊಬ್ಬ ನನ್ನ ಖಾಲಿ ಚೀಲ ನೋಡಿ ನಕ್ಕ. "ಈಗೇನ್ ಸಿಗ್ತೈತ್ರಿ ಅಕ್ಕಾರ? ಮೀನು ಇನ್ನಾ ಹಾಸಗ್ಯಾಗ ಅದಾವ. ಬಿಸ್ಲು ಬರ್ಲಿ ತಡೀರಿ."

ನನಗೆ ತಡೆಯೋ ಮನಸ್ಸಿರಲಿಲ್ಲ. ಒಂಬತ್ತಕ್ಕೆಲ್ಲ ಚೀಲ ಕಟ್ಟಿದೆ.

ಕುರುಗೋಡಿನಲ್ಲಿ ಗೊತ್ತಾದದ್ದು

ವಾಪಸ್ ಬರುವಾಗ ಅಪ್ಪ, "ಕುರುಗೋಡಿಗೆ ಹೋಗಿ ಹೋಗಾನು" ಅಂದ. ಕುರುಗೋಡು ಅಮ್ಮನ ತವರು. ಸೋದರಮಾವ, ಅತ್ತೆ ಅಲ್ಲೇ ಇದ್ದಾರೆ. ಬಳ್ಳಾರಿಯಿಂದ ಮೂವತ್ತು ಕಿಲೋಮೀಟರ್ ಆಸುಪಾಸು, ಈಗ ಅದೇ ಒಂದು ತಾಲ್ಲೂಕು. ಹಿಂದೆ ಸಿಂದ ಅರಸರು ಆಳಿದ ಊರು. ಸುತ್ತ ಬಂಡೆಗುಡ್ಡ, ಅದರ ಮೇಲೆ ಹಳೆ ಕೋಟೆಯ ಗೋಡೆ.

ಸಂಜೆ ದೊಡ್ಡಬಸವೇಶ್ವರನ ಗುಡಿಗೆ ಹೋದೆವು. ನೋಡಿಲ್ಲದಿದ್ದರೆ ಒಮ್ಮೆ ನೋಡಬೇಕಾದ ಬಸವಣ್ಣ ಅದು. ಸುಮಾರು 12 ಅಡಿ ಎತ್ತರ. ಗರ್ಭಗುಡಿಯೊಳಗೆ ಕೂತ ಬಸವಣ್ಣನ ಮುಖ ನೋಡಬೇಕಾದ್ರೆ ಕತ್ತು ಪೂರ್ತಿ ಎತ್ತಬೇಕು. ಚಿಕ್ಕವಳಿದ್ದಾಗ ಅಮ್ಮನ ಸೆರಗು ಹಿಡಿದು ನಿಂತು, ಇದು ಯಾವಾಗ ಎದ್ದು ಹೋಗ್ತೈತಿ ಅಂತ ಕೇಳಿದ್ದೆನಂತೆ. "ಅದಕ್ಕ ಮನಸ್ಸಾದಾಗ" ಅಂದಿದ್ದಳಂತೆ ಅಮ್ಮ.

ಪೂಜಾರಿ ಅಪ್ಪನನ್ನ ಹೆಸರು ಹಿಡಿದು ಮಾತಾಡಿಸಿದರು. ಹೊರಗೆ ಹೂವಿನಾಕೆ, "ಇವತ್ತು ಶನಿವಾರ ಬಂದೀರಲ್ರಿ?" ಅಂದಳು. ನನಗೆ ಅರ್ಥ ಆಗಲಿಲ್ಲ.

ರಾತ್ರಿ ಅಡುಗೆಮನೆಯಲ್ಲಿ ಅತ್ತೆ ಸಜ್ಜೆ ರೊಟ್ಟಿ ಬಡೀತಾ ಹೇಳಿದರು. "ನಿಮ್ಮಪ್ಪ ಸೋಮಾರಕ್ಕೊಮ್ಮೆ ಬಸ್ಸಿಗೆ ಬರ್ತಾರಲ್ಲ. ಗುಡಿಗೆ ಹೋಗಿ, ಇಲ್ಲಿ ಬಂದು ಉಂಡು, ಮಾವನ ಜೋಡಿ ಹೊಲ ನೋಡ್ಕೊಂಡು, ಸಂಜಿಕ ಹೊಕ್ಕಾರ. ಹೇಳಿಲ್ಲೇನು ನಿಮಗ?"

ಹೇಳಿರಲಿಲ್ಲ. ನಾವು ಕೇಳಿಯೂ ಇರಲಿಲ್ಲ. ನಾವು ದಿನಾ ಕೇಳ್ತಿದ್ದದ್ದು "ಊಟ ಆಯ್ತಾ? ಮಾತ್ರೆ ತಗೊಂಡ್ಯಾ?" ಅಷ್ಟೇ. ಅವನ ಉತ್ತರ "ಹ್ಞೂ" ಅಷ್ಟೇ.

"ಮೊದ್ಲೆಲ್ಲ ಒಂದು ರೊಟ್ಟಿನೂ ತಿಂತಿರಲಿಲ್ಲ. ನಾನು ದೊಡ್ಡ ಗಂಗಾಳದಾಗ ಬಡಸ್ತಿದ್ದೆ, ಹಂಗೇ ಬಿಟ್ಟು ಏಳ್ತಿದ್ರು. ಈಗ ಸಣ್ಣ ತಟ್ಟ್ಯಾಗ ಅರ್ಧ ಹಾಕ್ತೀನಿ, ಮಾತಾಡಂಗಿಲ್ಲ. ಉಂಡ್ ಮ್ಯಾಲ ತಾವ ಇನ್ನರ್ಧ ಕೇಳ್ತಾರ. ಈಗ ಒಂದೂವರಿಗೆ ಬಂದಾರ" ಅಂದರು ಅತ್ತೆ, ಲೆಕ್ಕ ಒಪ್ಪಿಸೋ ಹಾಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಅಪ್ಪ ಮನೆಯಲ್ಲಿ ಒಬ್ಬನೇ ಗೋಡೆ ನೋಡ್ತಾ ಕೂತಿರ್ತಾನೆ ಅಂತ ನಾವಿಬ್ಬರೂ ಎರಡು ದೇಶದಲ್ಲಿ ಕೂತು ಒಂದು ಚಿತ್ರ ಬರ್ಕೊಂಡಿದ್ದೆವು. ಆ ಚಿತ್ರದಲ್ಲಿ ಸೋಮವಾರದ ಬಸ್ಸು ಇರಲಿಲ್ಲ, ಹೂವಿನಾಕೆ ಇರಲಿಲ್ಲ, ಒಂದೂವರೆ ರೊಟ್ಟಿ ಇರಲಿಲ್ಲ. ಅಣ್ಣನಿಗೆ ಮೆಸೇಜ್ ಬರೆದು ಅಳಿಸಿದೆ. "ನಾಳೆ ಮಾತಾಡ್ತೀನಿ" ಅಂತಷ್ಟೇ ಕಳಿಸಿದೆ.

ಬೆಳಿಗ್ಗೆ ತಿಂಡಿ ಆದ ಮೇಲೆ ಅಪ್ಪನನ್ನ ಕೇಳಿದೆ, "ಇವತ್ತು ಹತ್ತಕ್ಕೆ ಹೋಗಾನೇನಪಾ ಹೊಳಿಗೆ? ನೀ ಹೇಳ್ದಂಗ?"

ಅಪ್ಪ ಚಪ್ಪಲಿ ಹಾಕ್ಕೊಂಡಾಗಿತ್ತು.

ಬೆಂಡು ಮುಳುಗಲಿಲ್ಲ, ಎದ್ದಿತು

ಮಾವನ ಹಿತ್ತಲ ಸಗಣಿ ಗುಂಡಿಯ ಪಕ್ಕ ಕೆದರಿ ಸಣ್ಣ ಎರೆಹುಳ ತಗೊಂಡೆವು. ನಿನ್ನೆಯ ಜಾಗಕ್ಕೆ ಅಪ್ಪ ಹೋಗಲಿಲ್ಲ. ಗಾಳಿ ಬೀಸದ ಒಂದು ಮಗ್ಗುಲು ಹುಡುಕಿದ. ಎರಡು ಬಂಡೆಗಳ ನಡುವೆ ನೀರು ನಿಂತ ಹಾಗೆ ಇತ್ತು, ಎದೆಮಟ್ಟ ಆಳ ಇರಬಹುದು. ಬಿಸಿಲು ನೇರ ಬೀಳ್ತಿತ್ತು. ಬಂಡೆಗೆ ಅಂಗೈ ಇಟ್ಟು, ನನಗೂ ಇಡು ಅಂದ. ಬೆಚ್ಚಗಿತ್ತು.

"ಬಂಡಿ ಕಾದ್ರ ಪಕ್ಕದ ನೀರು ಕಾಯ್ತೈತಿ. ನೀರು ಕಾದ್ರ ಮೀನಿನ ಮೈ ಕಾಯ್ತೈತಿ. ಆಮ್ಯಾಲ ಹಸಿವು."

ಜಿಲೇಬಿ ಅಂತ ನಾವು ಕರೆಯೋದು ತಿಲಾಪಿಯಾ ಮೀನನ್ನ. ಮೂಲ ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದರು, ಈಗ ಕೆರೆ-ಹೊಳೆ ಎಲ್ಲ ಕಡೆ ಅದೇ. ಸೆಕೆಯ ನಾಡಿನ ಮೀನು ಆದ್ದರಿಂದ ಚಳಿ ಅದಕ್ಕೆ ಆಗೋದಿಲ್ಲ. ನೀರು 20 ಡಿಗ್ರಿಗಿಂತ ಕೆಳಗಿಳಿದರೆ ಮೇಯೋದು ಕಡಿಮೆ ಮಾಡುತ್ತೆ, 16ರ ಹತ್ತಿರ ಬಂದರೆ ಹೆಚ್ಚುಕಡಿಮೆ ನಿಲ್ಲಿಸೇಬಿಡುತ್ತೆ. ಮಿನೆಸೊಟದ ಬ್ಲೂಗಿಲ್ 4 ಡಿಗ್ರಿ ನೀರಿನಲ್ಲೂ ಅಷ್ಟಿಷ್ಟು ತಿನ್ನುತ್ತೆ. ನಮ್ಮ ಜಿಲೇಬಿಗೆ ಜನವರಿಯ ಬೆಳಗೇ ಜಾಸ್ತಿಯಾಯ್ತು. ಅಪ್ಪನಿಗೆ ಈ ಡಿಗ್ರಿ ಲೆಕ್ಕ ಗೊತ್ತಿಲ್ಲ. ಅಂಗೈ ಲೆಕ್ಕ ಗೊತ್ತು.

ಅವನು ಗಾಳ ಕಟ್ಟೋದನ್ನ ನಾನು ಸರಿಯಾಗಿ ನೋಡಿದ್ದು ಅವತ್ತೇ. ಬಿದಿರ ಕೋಲು. ತೆಳ್ಳನೆ ನೈಲಾನ್ ದಾರ. ಗಾಳ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಬೆಂಡು ನವಿಲುಗರಿಯ ಕಡ್ಡಿಯಿಂದ ತಾನೇ ಮಾಡಿಕೊಂಡದ್ದು, ಬೆರಳುದ್ದ. ಅದರ ಕೆಳಗೆ ಸೀಸದ ಚೂರು ಒಂದೊಂದೇ ಕಚ್ಚಿಸ್ತಾ ಹೋದ. ಕಡ್ಡಿಯ ತುದಿ ಮಾತ್ರ ನೀರಿನ ಮೇಲೆ ಕಾಣೋ ಹಾಗಾದ ಮೇಲೆ ನಿಲ್ಲಿಸಿದ. ನಿನ್ನೆ ನಾನು ಹಾಕಿದ್ದ ಥರ್ಮಕೋಲಿನ ದಪ್ಪ ಬೆಂಡನ್ನ ಎತ್ತಿ ತೋರಿಸಿ, "ಇದನ್ನ ಮುಳುಗಸಾಕ ಮಳಿಗಾಲದ ಮೀನು ಬೇಕು" ಅಂದ.

ಎರೆಹುಳದ ಉಗುರಿನಷ್ಟು ತುಂಡು. ಅದನ್ನೂ ಎಸೆಯಲಿಲ್ಲ, ಸದ್ದಿಲ್ಲದ ಹಾಗೆ ಇಳಿಬಿಟ್ಟ. ತಳ ಮುಟ್ಟೋ ಹಾಗೆ ದಾರದ ಅಳತೆ ಸರಿ ಮಾಡಿದ.

"ಈಗ ಬೆಂಡು ನೋಡು. ಮುಳುಗ್ತೈತಿ ಅಂತ ಕಾಯಬ್ಯಾಡ. ಚಳ್ಯಾಗ ಅದು ಕಚ್ಕೊಂಡು ಓಡಂಗಿಲ್ಲ. ತಳದಾಗಿಂದು ಬಾಯಾಗ ತಗೊಂಡು ಅಲ್ಲೇ ಒಂಚೂರು ಮ್ಯಾಲ ಏಳ್ತೈತಿ. ಸೀಸ ಎತ್ತಿದಂಗಾಗಿ ಬೆಂಡು ಮ್ಯಾಲ ಬರ್ತೈತಿ. ಅದೇ ಕಚ್ಚಿದ್ದು."

ಆಶ್ಚರ್ಯ ಅಂದ್ರೆ, ಇದೇ ಮಾತನ್ನ ಅಣ್ಣ ಆಮೇಲೆ ಫೋನಿನಲ್ಲಿ ಹೇಳಿದ. ಮಂಜಿನ ಕೆಳಗೆ ಕ್ರ್ಯಾಪಿ ಅನ್ನೋ ಮೀನು ಎರೆಯನ್ನು ಕೆಳಗಿನಿಂದ ಮೇಲಕ್ಕೆ ಬಂದು ತಗೊಳ್ಳುತ್ತೆ, ದಾರ ಬಿಗಿಯೋ ಬದಲು ಸಡಿಲ ಆಗುತ್ತೆ, ಹೊಸಬರು ಅದನ್ನ ಗಮನಿಸೋದೇ ಇಲ್ಲ ಅಂತ. ಎರಡು ಭೂಖಂಡ, ಎರಡು ಮೀನು, ಗುಟ್ಟು ಮಾತ್ರ ಒಂದೇ.

ಫೋನನ್ನ ಕಾರಿನಲ್ಲೇ ಬಿಟ್ಟು ಬಂದಿದ್ದೆ. ಎಷ್ಟು ಹೊತ್ತು ಕೂತೆವೋ ಗೊತ್ತಿಲ್ಲ. ಒಂದು ಮಿಂಚುಳ್ಳಿ ಎರಡು ಸಲ ಬಂದು ಹೋಯ್ತು. ಅಪ್ಪ ತಾನೇ ಮಾತು ತೆಗೆದ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗಿನ ಮಾತು. ರಾತ್ರಿಯಿಡೀ ಟಿವಿ ಮುಂದೆ ಕೂತಿದ್ದನಂತೆ. ಅಮ್ಮ ಹಿಂದಿನಿಂದ ಬಂದು, "ಆತು ಬಿಡ್ರಿ, ನಿಮ್ಮ ಮೀನೆಲ್ಲ ಶ್ರೀಶೈಲಕ್ಕ ಹೋದ್ವು, ಮಲ್ಲಯ್ಯನ ದರ್ಶನ ಆಗ್ತೈತಿ ಅವಕ್ಕ. ಬಂದು ಮಲಕ್ಕೊಳ್ರಿ" ಅಂದಳಂತೆ.

ಅಪ್ಪ ನಕ್ಕ. ಅಮ್ಮ ಹೋದ ಮೇಲೆ ಅವಳ ಮಾತು ಹೇಳಿ ನಕ್ಕಿದ್ದನ್ನ ನಾನು ನೋಡಿದ್ದು ಅದೇ ಮೊದಲು. ನಾನೂ ನಕ್ಕೆ, ಕಣ್ಣು ತುಂಬಿತು, ಹೊಳೆ ಕಡೆ ಮುಖ ತಿರುಗಿಸಿದೆ. ಆಗ ಕಡ್ಡಿ ನೋಡಿದೆ. ಅರ್ಧ ಇಂಚು ಇದ್ದದ್ದು ಎರಡು ಇಂಚಾಗಿತ್ತು.

"ಅಪ್ಪಾ, ಬೆಂಡು…"

"ನೋಡೀನಿ. ನೀನ ಎತ್ತು. ಜಗ್ಗಬ್ಯಾಡ. ಮಣಿಕಟ್ಟು ಅಷ್ಟೇ."

ಎತ್ತಿದೆ. ಕೋಲಿನ ತುದಿ ಬಾಗಿತು. ಅಂಗೈ ಅಗಲದ ಒಂದು ಜಿಲೇಬಿ, ಬೂದು ಬಣ್ಣ, ಬೆನ್ನ ಮುಳ್ಳು ಸೆಟೆದುಕೊಂಡು ಮೇಲೆ ಬಂತು. ಒದ್ದಾಟವೂ ಜಾಸ್ತಿ ಇರಲಿಲ್ಲ ಅದಕ್ಕೆ. ಹನ್ನೆರಡೂವರೆ ತನಕ ನಾಲ್ಕು ಜಿಲೇಬಿ, ಎರಡು ಸಣ್ಣ ಗೆಂಡೆ. ಗೆಂಡೆ ತೀರಾ ಮರಿ, ವಾಪಸ್ ಬಿಟ್ಟೆವು.

ನೀವೂ ಹೋಗೋದಾದ್ರೆ ನೆನಪಿಟ್ಟುಕೊಳ್ಳಿ. ಗುತ್ತಿಗೆ ಕೊಟ್ಟ ಕೆರೆಗಳಲ್ಲಿ ಕೇಳದೆ ಗಾಳ ಹಾಕಬೇಡಿ, ಹೊಳೆಯಲ್ಲೂ ಅಲ್ಲಿನ ಮೀನುಗಾರರನ್ನ ಒಂದು ಮಾತು ಕೇಳಿ. ನೀರಿಗೆ ಇಳಿಯಬೇಡಿ. ಮತ್ತೆ, ಸಂಕ್ರಾಂತಿ ಮುಗಿಯೋ ತನಕ ಹತ್ತಕ್ಕಿಂತ ಮುಂಚೆ ಹೋಗಿ ಪ್ರಯೋಜನ ಇಲ್ಲ.

ಬಾಣಲಿಗೆ ಸರಿಹೋಗುವಷ್ಟು

ಕುರುಗೋಡಿಗೆ ವಾಪಸ್ ಬಂದಾಗ ಅತ್ತೆ ಮೀನಿನ ಗಾತ್ರ ನೋಡಿ ಮೂಗು ಮುರಿದರು. ಆದ್ರೂ ಉಪ್ಪು, ಅರಿಶಿನ, ಖಾರದಪುಡಿ, ಹುಣಸೆ ನೀರು ಹಚ್ಚಿ ಬಾಣಲಿಗೆ ಹಾಕಿದರು. ನಾಲ್ಕೂ ಮೀನು ಒತ್ತಿಕೊಂಡು ಸರಿಯಾಗಿ ಕೂತವು. ಫೋಟೋ ತೆಗೆದು ಅಣ್ಣನಿಗೆ ಕಳಿಸಿದೆ, "ನಮ್ಮ ಪ್ಯಾನ್ ಫಿಶ್" ಅಂತ. ಅಲ್ಲಿ ನಡುರಾತ್ರಿ ದಾಟಿತ್ತು. ಆದ್ರೂ ತಕ್ಷಣ ಉತ್ತರ ಬಂತು. "ಅಪ್ಪ ಏನಂದ?"

"ಇನ್ನೂ ಕೇಳಿಲ್ಲ" ಅಂತ ಬರೆದೆ. "ಮತ್ತೆ ಕೇಳೋದೂ ಇಲ್ಲ, ಸದ್ಯಕ್ಕೆ. ನೀನು ಮುಂದಿನ ಶುಕ್ರವಾರವೂ ಮಂಜಿನ ಮೇಲೆ ಹೋದ್ರೆ ಅಲ್ಲಿಂದ ಫೋನ್ ಮಾಡು. ಊಟ ಆಯ್ತಾ ಅಂತ ಕೇಳಬೇಡ. ಮೀನು ತೋರಿಸು."

ಅಪ್ಪ ಅರ್ಧ ರೊಟ್ಟಿ ಹಾಕಿಸಿಕೊಂಡ. ಮುಳ್ಳು ಬಿಡಿಸಿ ಬಿಡಿಸಿ ತಿಂದ. ಆಮೇಲೆ ಇನ್ನರ್ಧ. ಆಮೇಲೆ ಒಂದು. ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ಲೆಕ್ಕ ಎರಡಕ್ಕೆ ಬಂತು ಅನ್ನೋ ಹಾಗೆ.

ರಾತ್ರಿ ಬಳ್ಳಾರಿ ಸ್ಟೇಷನ್ನಿಗೆ ಅಪ್ಪನೂ ಬಂದ. ಬರಬೇಡ, ಚಳಿ ಇದೆ ಅಂದ್ರೂ ಕೇಳಲಿಲ್ಲ. ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ರೈಲು ಬರೋಕೆ ಇನ್ನೂ ಸಮಯವಿತ್ತು. ನಾನು ಏನೂ ಕೇಳಲಿಲ್ಲ. ಕಷ್ಟ ಆಯ್ತು, ಸುಳ್ಳು ಹೇಳಲ್ಲ. ನಾಲಿಗೆ ತುದಿಯಲ್ಲೇ ಇತ್ತು ಪ್ರಶ್ನೆ.

ದೂರದಲ್ಲಿ ಸಿಗ್ನಲ್ ಹಸಿರಾಯ್ತು. ಅಪ್ಪ ಶಾಲು ಸರಿ ಮಾಡಿಕೊಳ್ತಾ, ನನ್ನ ಕಡೆ ನೋಡದೆ ಕೇಳಿದ.

"ನಿಮ್ಮ ಮನಿ ಹತ್ರ ಕೆರಿ ಐತೇನು?"

ಎದೆ ಹೊಡ್ಕೊಂಡಿತು. ಮಣಿಕಟ್ಟು ಅಷ್ಟೇ, ಅಂತ ನನಗೆ ನಾನೇ ಹೇಳಿಕೊಂಡೆ.

"ಐತಪ್ಪ. ನಡ್ಕೊಂಡ್ ಹೋಗೋ ಅಷ್ಟು ದೂರ. ಆದ್ರ ಅಲ್ಲಿ ಗಾಳ ಹಾಕಾಕ ಬಿಡಂಗಿಲ್ಲ."

ಅಪ್ಪ ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಬಿಡ್ಲಿಲ್ಲ ಅಂದ್ರ ಏನಾತು, ಕುಂತು ನೋಡಾಕ ಬರ್ತೈತಲ್ಲ" ಅಂದ. "ಚಳಿ ಹೋಗ್ಲಿ. ಒಂದು ವಾರ ಬರ್ತೀನಿ. ಸೋಮಾರದೊಳಗ ವಾಪಸ್ ಕಳಿಸ್ಬೇಕು."